ಯಾರಿಗೂ ಬೇಡವಾಗಿದ್ದ ಷೇರು: 2020ರ ಐಟಿಸಿ ಪ್ರಕರಣ

2020ರ ಜೂನ್ 26ರಂದು ಸಿಗರೇಟು, ಹಿಟ್ಟು, ಬಿಸ್ಕತ್ತು ಮಾರುವ, ಹೋಟೆಲು ನಡೆಸುವ ಐಟಿಸಿ ಕಂಪನಿ ತನ್ನ 2019-20ರ ಫಲಿತಾಂಶ ಪ್ರಕಟಿಸಿತು. ವರ್ಷದ ನಿವ್ವಳ ಲಾಭ ₹15,136 ಕೋಟಿ. ಪ್ರತಿ ಷೇರಿಗೆ ₹10.15 ಡಿವಿಡೆಂಡ್, ಅಂದರೆ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು. ಕಂಪನಿಗೆ ಅಲ್ಲಿವರೆಗೆ ಯಾವ ವರ್ಷವೂ ಇಷ್ಟು ಲಾಭ ಬಂದಿರಲಿಲ್ಲ. ಆದರೂ ಷೇರು ₹200ಕ್ಕೂ ಕೆಳಗೇ ಬಿದ್ದುಕೊಂಡಿತ್ತು.

ಮೂರು ವರ್ಷ ಹಿಂದೆ ನೋಡಿ. 2017ರ ಜುಲೈ ಮೊದಲ ವಾರ ಇದೇ ಷೇರು ₹350 ಮುಟ್ಟಿತ್ತು. ಅದರ ಹಿಂದಿನ ಹಣಕಾಸು ವರ್ಷದಲ್ಲಿ ಕಂಪನಿಯ ಲಾಭ ಇದ್ದದ್ದು ₹10,201 ಕೋಟಿ. ಅಲ್ಲಿಂದ ಮೂರು ವರ್ಷದಲ್ಲಿ ಲಾಭ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ಬೆಲೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಆ ಲಾಭದ ಏರಿಕೆಯಲ್ಲಿ ಒಂದಷ್ಟು ಪಾಲು 2019ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಕಾರ್ಪೊರೇಟ್ ತೆರಿಗೆ ಇಳಿಸಿದ್ದರಿಂದ ಬಂದದ್ದು. ತೆರಿಗೆಗೆ ಮುಂಚಿನ ಲಾಭ ನೋಡಿದರೆ ಮೂರು ವರ್ಷದ ಏರಿಕೆ ಸುಮಾರು ಕಾಲು ಭಾಗ ಅಷ್ಟೇ. ವ್ಯಾಪಾರ ಓಡುತ್ತಿರಲಿಲ್ಲ, ನಡೆಯುತ್ತಿತ್ತು. ಆದರೆ ನಡೆಯುತ್ತಿರುವ ವ್ಯಾಪಾರದ ಬೆಲೆ ಅರ್ಧ ಆಗಿತ್ತು.

ಇವತ್ತು ಈ ಷೇರು ಕೊಳ್ಳಿ ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನನಗೆ ಮುಖ್ಯ ಅನ್ನಿಸಿರುವುದು ಬೇರೆ. ಎಲ್ಲರೂ ಮೂಗು ಮುರಿಯುವ ಷೇರು ಎದುರಿಗೆ ಬಂದಾಗ ವ್ಯಾಲ್ಯೂ ಹೂಡಿಕೆದಾರ, ಅಂದರೆ ನಿಜವಾದ ಮೌಲ್ಯಕ್ಕಿಂತ ಕಡಿಮೆಗೆ ಸಿಗುವ ಷೇರು ಹುಡುಕುವವನು, ಏನೇನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು ಅನ್ನುವುದಕ್ಕೆ ನಮ್ಮ ಕಣ್ಣೆದುರೇ ನಡೆದ ಪ್ರಕರಣ ಇದು. ಲೆಕ್ಕಗಳೆಲ್ಲ ಸಾರ್ವಜನಿಕವಾಗಿವೆ. ಕಂಪನಿಯ ಹಿಟ್ಟು, ಬಿಸ್ಕತ್ತು, ನೋಟ್‌ಬುಕ್ಕು ನಮ್ಮ ಮನೆಯಲ್ಲೇ ಇವೆ.

ಜನ ಯಾಕೆ ದೂರ ಸರಿದರು

ಬೇಡವಾದ ಷೇರಿನ ಹತ್ತಿರ ಹೋದಾಗ ಮೊದಲು ಮಾಡಬೇಕಾದ ಕೆಲಸ ಬೆಲೆ ನೋಡುವುದಲ್ಲ. ಬೈಯುವವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು. ಮಾರುಕಟ್ಟೆಯಲ್ಲಿ ಸುಮ್ನೆ ಯಾರೂ ದೊಡ್ಡ ಕಂಪನಿಯನ್ನು ಬಿಟ್ಟು ಹೋಗುವುದಿಲ್ಲ. ಅವರ ಹತ್ತಿರ ಕಾರಣ ಇರುತ್ತದೆ. ಐಟಿಸಿ ವಿಷಯದಲ್ಲಿ ಆ ಕಾರಣಗಳು ಗಟ್ಟಿಯಾಗಿಯೇ ಇದ್ದವು.

ಮೊದಲನೆಯದು ತೆರಿಗೆ. ಕಂಪನಿಯ ಲಾಭದ ಐದರಲ್ಲಿ ನಾಲ್ಕು ಪಾಲು ಸಿಗರೇಟಿನಿಂದ ಬರುತ್ತಿತ್ತು. ಸಿಗರೇಟಿನ ಮೇಲೆ ಸರ್ಕಾರ ಯಾವಾಗ ಬೇಕಾದರೂ ತೆರಿಗೆ ಏರಿಸಬಹುದು, ಯಾರೂ ಬೀದಿಗಿಳಿದು ಕೇಳುವುದಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಸಿಗರೇಟಿನ ತೆರಿಗೆ ಭಾರ ಅಷ್ಟೇನೂ ಏರಲಿಲ್ಲ ಅಂತ ಷೇರು ಮೇಲೆ ಹೋಯಿತು. ಜುಲೈ 17ರಂದು ಜಿಎಸ್‌ಟಿ ಮಂಡಳಿ ಸಿಗರೇಟಿನ ಮೇಲಿನ ಸೆಸ್ (ಹೆಚ್ಚುವರಿ ತೆರಿಗೆ) ಏರಿಸಿತು. ಮರುದಿನ ಒಂದೇ ದಿನದಲ್ಲಿ ಷೇರು ಶೇ. 12ಕ್ಕೂ ಜಾಸ್ತಿ ಬಿತ್ತು. ಆ ಪೆಟ್ಟನ್ನು ಹೂಡಿಕೆದಾರರು ಮರೆಯಲೇ ಇಲ್ಲ. 2020ರ ಫೆಬ್ರುವರಿ ಬಜೆಟ್‌ನಲ್ಲಿ ಸಿಗರೇಟಿನ ಮೇಲಿನ ವಿಪತ್ತು ಸುಂಕ ಏರಿಸಿದಾಗ ಮತ್ತೆ ಅದೇ ಕಥೆ.

ಎರಡನೆಯದು ಹೋಟೆಲು. ಬೆಂಗಳೂರಿನ ವಿಂಡ್ಸರ್, ಗಾರ್ಡೇನಿಯಾ ತರಹದ ಐಷಾರಾಮಿ ಹೋಟೆಲುಗಳನ್ನು ಕಂಪನಿ ಊರೂರಲ್ಲಿ ಕಟ್ಟುತ್ತಲೇ ಇತ್ತು. ಕಂಪನಿಯ ಬಂಡವಾಳ ವೆಚ್ಚದ ಸುಮಾರು ಐದನೇ ಒಂದು ಪಾಲು ಅಲ್ಲಿಗೆ ಹೋಗುತ್ತಿತ್ತು. ವಹಿವಾಟಿನಲ್ಲಿ ಅದರ ಪಾಲು ಮಾತ್ರ ಶೇ. 5ನ್ನೂ ಮುಟ್ಟುತ್ತಿರಲಿಲ್ಲ. ಸಿಗರೇಟಿನಲ್ಲಿ ದುಡಿದ ಹಣವನ್ನು ಕಾಂಕ್ರೀಟಿಗೆ ಸುರಿಯುತ್ತಿದ್ದಾರೆ ಅನ್ನುವ ಸಿಟ್ಟು ಷೇರುದಾರರಲ್ಲಿ ವರ್ಷಗಳಿಂದ ಇತ್ತು. ನನ್ನ ಲೆಕ್ಕದಲ್ಲಿ ಆ ಸಿಟ್ಟು ನ್ಯಾಯವಾದದ್ದೇ.

ಮೂರನೆಯದು ಯಾರು ಕೊಳ್ಳಬಹುದು ಅನ್ನುವ ಪ್ರಶ್ನೆ. ಪರಿಸರ, ಸಮಾಜ, ಆಡಳಿತ ಅನ್ನುವ ಮೂರು ಅಳತೆಗೋಲು ಹಿಡಿದು ಹೂಡುವ ವಿದೇಶಿ ನಿಧಿಗಳು ಆ ಹೊತ್ತಿಗೆ ಜಾಸ್ತಿಯಾಗಿದ್ದವು. ಅವುಗಳಲ್ಲಿ ಎಷ್ಟೋ ನಿಧಿಗಳಿಗೆ ತಂಬಾಕು ಕಂಪನಿ ಮುಟ್ಟುವಂತೆಯೇ ಇರಲಿಲ್ಲ. ಇಲ್ಲೂ 2017ರಲ್ಲಿ ಎಲ್‌ಐಸಿಯಂಥ ಸರ್ಕಾರಿ ಸಂಸ್ಥೆಗಳು ತಂಬಾಕಿನಲ್ಲಿ ಹಣ ಹೂಡಿರುವುದನ್ನು ಪ್ರಶ್ನಿಸಿ ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು.

ಇದರ ಜೊತೆಗೆ ಮಾರಾಟದ ಭಯ ಒಂದು. ಯುಟಿಐ ಅನ್ನುವ ಹಳೆಯ ಮ್ಯೂಚುವಲ್ ಫಂಡ್ ಸಂಸ್ಥೆಯ ಆಸ್ತಿ ನೋಡಿಕೊಳ್ಳುವ ಸರ್ಕಾರಿ ಘಟಕದ ಕೈಯಲ್ಲಿ ಸುಮಾರು ಶೇ. 8ರಷ್ಟು ಷೇರು ಇತ್ತು. ಸರ್ಕಾರ ಅದನ್ನು ಯಾವತ್ತು ಮಾರುಕಟ್ಟೆಗೆ ಸುರಿಯುತ್ತದೋ ಅನ್ನುವ ಅಳುಕು. ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಹತ್ತಿರ ಆಗ ಶೇ. 29ರ ಆಸುಪಾಸು ಇತ್ತು. ಪ್ರವರ್ತಕರು, ಅಂದರೆ ಕಂಪನಿಯ ಹಿಡಿತ ಇಟ್ಟುಕೊಂಡ ಮಾಲೀಕರು, ಅಂತ ಲೆಕ್ಕದಲ್ಲಿ ಯಾರೂ ಇಲ್ಲ. ಬೆಲೆ ಬಿದ್ದಾಗ ತಾನೇ ಮುಂದೆ ಬಂದು ಕೊಳ್ಳುವ ಮನೆತನವೂ ಇಲ್ಲಿಲ್ಲ.

ಮೇಲಿಂದ ಕೋವಿಡ್ ಬಂತು. 2020ರ ಮಾರ್ಚ್‌ನಲ್ಲಿ ಷೇರು ₹135ರ ಹತ್ತಿರದವರೆಗೂ ಕುಸಿಯಿತು. ಲಾಕ್‌ಡೌನಿನಲ್ಲಿ ಸಿಗರೇಟು ಕಾರ್ಖಾನೆ ಮುಚ್ಚಿತು, ಗೂಡಂಗಡಿ ಮುಚ್ಚಿತು, ಹೋಟೆಲು ಖಾಲಿಯಾಯಿತು.

ಯಾವ ಕಾರಣ ಗಲ್ಲಾಪೆಟ್ಟಿಗೆ ಮುಟ್ಟುತ್ತದೆ

ಈಗ ಅಸಲಿ ಕೆಲಸ. ಈ ಕಾರಣಗಳಲ್ಲಿ ಯಾವುದು ಕಂಪನಿಯ ಕೈಗೆ ಬರುವ ನಗದನ್ನು ಕಡಿಮೆ ಮಾಡುತ್ತದೆ? ಯಾವುದು ಬರೀ ಷೇರಿಗೆ ಜನ ಕೊಡುವ ಬೆಲೆಯನ್ನು ಕಡಿಮೆ ಮಾಡುತ್ತದೆ? ಎರಡಕ್ಕೂ ಷೇರು ಬೀಳುತ್ತದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಮೊದಲನೆಯದು ನಿಜವಾದ ನಷ್ಟ. ಎರಡನೆಯದು ಕೊಳ್ಳುವವನಿಗೆ ಸಿಗುವ ರಿಯಾಯಿತಿ.

ತೆರಿಗೆಯನ್ನೇ ತೆಗೆದುಕೊಳ್ಳೋಣ. 2012ರಿಂದ 2017ರವರೆಗೆ ಸಿಗರೇಟಿನ ತೆರಿಗೆ ಬಜೆಟ್ ಬಜೆಟ್‌ಗೂ ಏರುತ್ತಲೇ ಹೋಯಿತು. ಆ ಅವಧಿಯಲ್ಲಿ ಐಟಿಸಿ ಲಾಭ ಏನಾಯಿತು? 2011-12ರಲ್ಲಿ ₹6,162 ಕೋಟಿ ಇದ್ದದ್ದು 2016-17ಕ್ಕೆ ₹10,201 ಕೋಟಿ ಆಯಿತು. ತೆರಿಗೆ ಏರಿದಾಗಲೆಲ್ಲ ಕಂಪನಿ ಪ್ಯಾಕಿನ ಬೆಲೆ ಏರಿಸಿತು. ಸೇದುವವರು ಸ್ವಲ್ಪ ಕಡಿಮೆಯಾದರು, ಸೇದುವವರಿಂದ ಬರುವ ದುಡ್ಡು ಕಡಿಮೆಯಾಗಲಿಲ್ಲ. ತೆರಿಗೆ ನಿಜವಾದ ಅಪಾಯವೇ ಹೌದು. ಕಳ್ಳಸಾಗಣೆಯ ಸಿಗರೇಟಿಗೆ ಅದು ದಾರಿ ಮಾಡುತ್ತದೆ, ಮಾರಾಟ ತಗ್ಗಿಸುತ್ತದೆ. ಆದರೆ ಹತ್ತಾರು ವರ್ಷ ಇದೇ ಪೆಟ್ಟು ತಿಂದು ಎದ್ದು ನಿಂತ ವ್ಯಾಪಾರ ಇದು.

ಹಾಗೆ ಎದ್ದು ನಿಲ್ಲಲು ಕಾರಣವೂ ಇದೆ. 2003ರ ಕಾಯ್ದೆ ತಂಬಾಕಿನ ಜಾಹೀರಾತು ನಿಷೇಧಿಸಿತು. 2010ರಲ್ಲಿ ಸಿಗರೇಟು ತಯಾರಿಕೆಗೆ ವಿದೇಶಿ ನೇರ ಹೂಡಿಕೆಯನ್ನು ಸರ್ಕಾರ ಮುಚ್ಚಿತು. ಎರಡೂ ಕಂಪನಿಗೆ ಕಡಿವಾಣ ಹಾಕಲು ಬಂದವು. ಆದರೆ ಅವುಗಳ ಇನ್ನೊಂದು ಪರಿಣಾಮ ನೋಡಿ. ಹೊಸದಾಗಿ ಬರುವವನು ತನ್ನ ಹೆಸರನ್ನು ಜನಕ್ಕೆ ತಿಳಿಸುವುದಾದರೂ ಹೇಗೆ? ಹೊರಗಿನ ದೊಡ್ಡ ಕಂಪನಿ ಕಾರ್ಖಾನೆ ಹಾಕುವುದಾದರೂ ಹೇಗೆ? ಬಾಗಿಲು ಒಳಗಿದ್ದವನ ಪರವಾಗಿ ಮುಚ್ಚಿಕೊಂಡಿತು. ಸಿಗರೇಟು ಮಾರುಕಟ್ಟೆಯ ಬಹುಪಾಲು ಆಗಲೇ ಐಟಿಸಿ ಕೈಯಲ್ಲಿತ್ತು.

ಹೋಟೆಲು ನಗದನ್ನು ನಿಜವಾಗಿಯೂ ತಿನ್ನುತ್ತಿತ್ತು. ಇಲ್ಲಿ ಬೈಯುವವರ ಮಾತು ಸರಿ. ಆದರೆ ಎಷ್ಟು ತಿನ್ನುತ್ತಿತ್ತು? ಹೋಟೆಲ್ ವ್ಯಾಪಾರದ ಬೆಲೆ ಸೊನ್ನೆ ಅಂತಲೇ ಹಿಡಿಯೋಣ. ಆಗಲೂ ಕಂಪನಿ ಲಾಭದ ಬಹುಪಾಲನ್ನು ಡಿವಿಡೆಂಡ್ ಆಗಿ ಹಂಚುವಷ್ಟು ನಗದು ಉಳಿಯುತ್ತಿತ್ತು. ಆ ಸಮಯದಲ್ಲೇ ಕಂಪನಿ ಲಾಭದ ಶೇ. 80ರಿಂದ 85ರಷ್ಟನ್ನು ಹಂಚುವ ನೀತಿ ಹೇಳಿತು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಇದಕ್ಕಿಂತ ತೂಕದ ಸುದ್ದಿ ಇನ್ನೊಂದಿಲ್ಲ. ಹಣ ಹೊರಗೆ ಹೋಗುತ್ತದೆ ಅಂದರೆ ಕಟ್ಟಡಕ್ಕೆ ಸುರಿಯಲು ಉಳಿಯುವುದು ಕಡಿಮೆ. ಷೇರುದಾರರ ದೊಡ್ಡ ದೂರಿಗೆ ಕಂಪನಿ ಕೊಟ್ಟ ಉತ್ತರ ಆ ನೀತಿಯ ಸಾಲಿನಲ್ಲೇ ಇತ್ತು. ಆಗ ಅದನ್ನು ಹೆಚ್ಚಿನವರು ಗಮನಿಸಲಿಲ್ಲ.

ಇನ್ನು ವಿದೇಶಿ ನಿಧಿಗಳ ನಿಯಮ, ಸರ್ಕಾರದ ಷೇರು ಮಾರಾಟದ ಭಯ. ಇವು ಕಂಪನಿಯ ಒಂದು ಪೈಸೆಯನ್ನೂ ಮುಟ್ಟುವುದಿಲ್ಲ. ಒಬ್ಬ ನಿಧಿ ನಿರ್ವಾಹಕ ತನ್ನ ಸಂಸ್ಥೆಯ ನಿಯಮಕ್ಕೆ ಕಟ್ಟುಬಿದ್ದು ಮಾರಿದರೆ ಹುಣಸೂರಿನ ಹರಾಜಿನಲ್ಲಿ ಕಂಪನಿ ತಂಬಾಕಿನ ಎಲೆ ಕೊಳ್ಳುವುದು ನಿಲ್ಲುತ್ತದೆಯೇ? ಮಂಗಳೂರಿನ ಅಂಗಡಿಯಲ್ಲಿ ಆಶೀರ್ವಾದ್ ಹಿಟ್ಟಿನ ಚೀಲ ಖಾಲಿಯಾಗುವುದು ನಿಲ್ಲುತ್ತದೆಯೇ? ಮಾರುವವನು ಕಂಪನಿಯ ವ್ಯಾಪಾರ ಕೆಟ್ಟಿದೆ ಅಂತ ಮಾರುತ್ತಿದ್ದಾನೋ, ತನಗೆ ಬೇರೆ ದಾರಿಯಿಲ್ಲ ಅಂತ ಮಾರುತ್ತಿದ್ದಾನೋ ಅನ್ನುವುದನ್ನು ಪತ್ತೆ ಹಚ್ಚಿದರೆ ಅರ್ಧ ಕೆಲಸ ಮುಗಿದಂತೆ.

ಕೋವಿಡ್ ಮಾತ್ರ ನಗದಿಗೇ ಕೈ ಹಾಕಿತು. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಲಾಭ ₹3,174 ಕೋಟಿಯಿಂದ ₹2,343 ಕೋಟಿಗೆ ಬಿತ್ತು. ಆ ವರ್ಷ ಹೋಟೆಲ್ ವಿಭಾಗದ ಆದಾಯ ಮೂರನೇ ಒಂದು ಭಾಗದಷ್ಟಾಯಿತು. ಆದರೆ ಕಂಪನಿಗೆ ಹೇಳಿಕೊಳ್ಳುವಂಥ ಸಾಲವೇ ಇರಲಿಲ್ಲ. ಕೈಯಲ್ಲಿ ನಗದು ಮತ್ತು ಹೂಡಿಕೆ ಸೇರಿ ₹20,000 ಕೋಟಿಗೂ ಮೀರಿತ್ತು. ಕೆಟ್ಟ ವರ್ಷವನ್ನು ಕೂತು ಉಣ್ಣುವ ಶಕ್ತಿ ಇತ್ತು. ಆ ಬಿಕ್ಕಟ್ಟಿನ ನಡುವೆಯೇ ಕಂಪನಿ ಸುಮಾರು ₹2,150 ಕೋಟಿ ಕೊಟ್ಟು ಸನ್‌ರೈಸ್ ಮಸಾಲೆ ಕಂಪನಿಯನ್ನು ಕೊಂಡಿತು.

ಬೆಲೆಯ ಲೆಕ್ಕ

ಈಗ ಬೆಲೆಗೆ ಬರೋಣ. ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ₹195 ಹಿಡಿಯುತ್ತೇನೆ. ಸುಮಾರು 1,230 ಕೋಟಿ ಷೇರುಗಳು. ಷೇರೊಂದಕ್ಕೆ ಗಳಿಕೆ ₹12.3. ಅಂದರೆ ಒಂದು ರೂಪಾಯಿ ವಾರ್ಷಿಕ ಗಳಿಕೆಗೆ ಮಾರುಕಟ್ಟೆ ಕೊಡುತ್ತಿದ್ದದ್ದು ಸುಮಾರು ₹16. ಇದೇ ಪಿಇ ಅನುಪಾತ. 2017ರ ₹350ಕ್ಕೆ ಇದೇ ಲೆಕ್ಕ ಹಾಕಿದರೆ ಸುಮಾರು 42 ಬರುತ್ತದೆ. ಅದೇ 2020ರ ಜೂನ್‌ನಲ್ಲಿ ಹಿಂದೂಸ್ತಾನ್ ಯೂನಿಲಿವರ್‌ನ ಪಿಇ 60 ದಾಟಿತ್ತು. ನೆಸ್ಲೆಯದು 80ರ ಹತ್ತಿರ ಇತ್ತು.

ಹದಿನಾರು ಪಿಇ ಅಂದರೆ ಕಸದ ಬೆಲೆ ಅಂತಲ್ಲ. ಗೋದಾಮಿನ ಸರಕಿಗಿಂತ ಕಡಿಮೆಗೆ ಸಿಗುವ ಕಂಪನಿ ಹುಡುಕುವ ಹಳೆಯ ಶೈಲಿಯ ವ್ಯಾಲ್ಯೂ ಹೂಡಿಕೆದಾರ ಇದನ್ನು ಅಗ್ಗ ಅನ್ನುತ್ತಲೇ ಇರಲಿಲ್ಲ. ಆದರೆ ಹಾಕಿದ ಬಂಡವಾಳದ ಮೇಲೆ ಇಷ್ಟು ಲಾಭ ತೆಗೆಯುವ, ಸಾಲವಿಲ್ಲದ, ಪೈಪೋಟಿ ಕಡಿಮೆ ಇರುವ ವ್ಯಾಪಾರಕ್ಕೆ ಅದು ಕಡಿಮೆ ಬೆಲೆ.

ಇನ್ನೊಂದು ಲೆಕ್ಕ ಇನ್ನೂ ಸರಳ. ₹195 ಕೊಟ್ಟರೆ ವರ್ಷಕ್ಕೆ ₹10.15 ಡಿವಿಡೆಂಡ್. ಶೇ. 5.2. ಆಗ ಬ್ಯಾಂಕಿನ ಎಫ್‌ಡಿ ಬಡ್ಡಿ ಐದು, ಐದೂವರೆಯ ಸುತ್ತ ಇತ್ತು. 2020ರ ಏಪ್ರಿಲ್‌ನಿಂದ ಡಿವಿಡೆಂಡ್‌ಗೆ ಷೇರುದಾರನೇ ತನ್ನ ತೆರಿಗೆ ಹಂತಕ್ಕೆ ತಕ್ಕಂತೆ ತೆರಿಗೆ ಕಟ್ಟಬೇಕಾಯಿತು, ಎಫ್‌ಡಿ ಬಡ್ಡಿಗೂ ಹಾಗೇ. ಎರಡೂ ಒಂದೇ ತಕ್ಕಡಿಯಲ್ಲಿ ಕೂತವು ಅನ್ನಿ. ಎಫ್‌ಡಿ ಅಸಲು ಬೀಳುವುದಿಲ್ಲ, ಷೇರು ಬೀಳಬಹುದು. ಆದರೆ ಎಫ್‌ಡಿ ಬಡ್ಡಿ ಹತ್ತು ವರ್ಷದಲ್ಲಿ ಬೆಳೆಯುವುದಿಲ್ಲ. ಈ ವ್ಯಾಪಾರದ ಗಳಿಕೆ ಬೆಳೆಯುವ ಸಾಧ್ಯತೆ ಇತ್ತು. ಆ ಬೆಳವಣಿಗೆಗೆ ಮಾರುಕಟ್ಟೆ ಒಂದು ರೂಪಾಯಿಯನ್ನೂ ಕೇಳುತ್ತಿರಲಿಲ್ಲ.

ಅದೇ ವರ್ಷ, ಇನ್ನೊಂದು ಬಿದ್ದ ಷೇರು

ಬಿದ್ದದ್ದೆಲ್ಲ ಅಗ್ಗ ಅಂದುಕೊಂಡರೆ ಏನಾಗುತ್ತದೆ ಅಂತ ನೋಡಲು ಬೇರೆ ಕಾಲಕ್ಕೆ ಹೋಗಬೇಕಿಲ್ಲ. ಅದೇ 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಇತ್ತು.

2018ರ ಆಗಸ್ಟ್‌ನಲ್ಲಿ ಅದರ ಷೇರು ₹400ರ ಆಸುಪಾಸಿನಲ್ಲಿತ್ತು. ಮುಂದಿನ ಒಂದೂವರೆ ವರ್ಷ ಅದು ಇಳಿದ ಪ್ರತಿ ಮೆಟ್ಟಿಲಿನಲ್ಲೂ ಅಗ್ಗವಾಗಿಯೇ ಕಂಡಿತು. ಪುಸ್ತಕ ಮೌಲ್ಯಕ್ಕೆ, ಅಂದರೆ ಲೆಕ್ಕದ ಪುಸ್ತಕದಲ್ಲಿ ಆಸ್ತಿಯಿಂದ ಸಾಲ ಕಳೆದು ಉಳಿಯುವುದಕ್ಕೆ, ಹೋಲಿಸಿ ನೋಡಿದರೆ ಅರ್ಧ ಬೆಲೆ, ಕಾಲು ಬೆಲೆ. ಚಿಕ್ಕ ಹೂಡಿಕೆದಾರರು ಗುಂಪಾಗಿ ಕೊಂಡರು. 2020ರ ಮಾರ್ಚ್ 5ರ ಸಂಜೆ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿತು. ಠೇವಣಿದಾರರು ₹50,000ಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಸ್ಟೇಟ್ ಬ್ಯಾಂಕ್ ಮತ್ತು ಇತರರು ಷೇರಿಗೆ ₹10ರಂತೆ ಹಣ ಹಾಕಿ ಉಳಿಸಿದರು. ₹8,415 ಕೋಟಿಯ ಒಂದು ಬಗೆಯ ಬಾಂಡ್‌ಗಳನ್ನು ಸೊನ್ನೆ ಮಾಡಿದರು. 100ಕ್ಕಿಂತ ಹೆಚ್ಚು ಷೇರು ಇದ್ದವರ ಮುಕ್ಕಾಲು ಪಾಲು ಮೂರು ವರ್ಷಕ್ಕೆ ಬೀಗ ಬಿತ್ತು. ಜುಲೈನಲ್ಲಿ ಹೊಸ ಷೇರನ್ನು ₹12ಕ್ಕೆ ಮಾರಿ ಬಂಡವಾಳ ಎತ್ತಿದರು. ಹಳಬರ ಪಾಲು ತೆಳ್ಳಗಾಯಿತು.

ಎರಡೂ ಬಿದ್ದ ಷೇರುಗಳೇ. ಎರಡನ್ನೂ ಜನ ಬಿಟ್ಟಿದ್ದರು. ಬೇರೆ ಏನಿತ್ತು? ಬ್ಯಾಂಕಿನ ಪುಸ್ತಕ ಮೌಲ್ಯ ಅನ್ನುವುದು ಕೊಟ್ಟ ಸಾಲ ವಾಪಸ್ ಬರುತ್ತದೆ ಅನ್ನುವ ನಂಬಿಕೆಯ ಮೇಲೆ ನಿಂತಿರುತ್ತದೆ. ಸ್ವಂತ ಒಂದು ರೂಪಾಯಿಯ ಮೇಲೆ ಹತ್ತಾರು ರೂಪಾಯಿ ಬೇರೆಯವರ ಹಣ ಇರುತ್ತದೆ. ಸಾಲದ ಸಣ್ಣ ಪಾಲು ಮುಳುಗಿದರೂ ಸ್ವಂತದ್ದು ಮಾಯ. ಅಲ್ಲಿ ಜನ ಓಡಿದ ಕಾರಣ ನೇರವಾಗಿ ಗಲ್ಲಾಪೆಟ್ಟಿಗೆಯನ್ನೇ ಮುಟ್ಟುತ್ತಿತ್ತು. ಬೆಲೆ ಎಷ್ಟೇ ಇಳಿದರೂ ಎಷ್ಟರ ಮೌಲ್ಯಕ್ಕೆ ಎಷ್ಟು ಕೊಡುತ್ತಿದ್ದೇವೆ ಅಂತ ಹೊರಗಿನವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಐಟಿಸಿಯಲ್ಲಿ ಆ ಲೆಕ್ಕವನ್ನು ಬಸ್‌ ಟಿಕೆಟ್‌ ಹಿಂದೆ ಬರೆಯಬಹುದಿತ್ತು.

ಹಾಗಾಗಿ ಬಿದ್ದ ಷೇರು ನೋಡಿದಾಗ ನಾನು ಮೊದಲು ತೆರೆಯುವುದು ಸಾಲದ ಪುಟ. ಸಾಲ ಜಾಸ್ತಿ ಇರುವ ಕಂಪನಿಗೆ ಕಾಯುವ ಸಮಯವನ್ನು ಸಾಲ ಕೊಟ್ಟವರು ನಿರ್ಧರಿಸುತ್ತಾರೆ. ನೀವು ಎಷ್ಟೇ ತಾಳ್ಮೆಯಿಂದ ಇದ್ದರೂ ಅವರಿಗೆ ಅದು ಸಂಬಂಧವಿಲ್ಲ.

ಬೆಲೆಗೆ ಮುಂಚಿನ ಪ್ರಶ್ನೆ

ತಂಬಾಕಿನ ಮಾತು ಬಂದ ಮೇಲೆ ಅದನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಈ ಲಾಭ ಬರುವುದು ಜನರ ಶ್ವಾಸಕೋಶದಿಂದ. ಸಿಗರೇಟಿನಿಂದ ಹತ್ತಿರದವರನ್ನು ಕಳೆದುಕೊಂಡವರು ಈ ಷೇರು ನನಗೆ ಬೇಡ ಅಂದರೆ ಅವರ ಮಾತಿಗೆ ಎದುರು ಮಾತಿಲ್ಲ. ಪಿಇ 16 ಇರಲಿ, 6 ಇರಲಿ, ಅವರಿಗೆ ಅದು ಉತ್ತರವಲ್ಲ.

ಇನ್ನೊಂದು ಕಡೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಇವೆ. ಅಲ್ಲಿನ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ಹೊಗೆಸೊಪ್ಪು ಬೆಳೆದು, ಬ್ಯಾರನ್‌ನಲ್ಲಿ ಹದ ಮಾಡಿ, ತಂಬಾಕು ಮಂಡಳಿಯ ಹರಾಜಿಗೆ ಬೇಲು ಕಟ್ಟಿ ತರುವ ರೈತರ ವರ್ಷದ ನಗದು ಇದರ ಮೇಲೇ ನಿಂತಿದೆ. ಹರಾಜಿನಲ್ಲಿ ಕೂರುವ ದೊಡ್ಡ ಖರೀದಿದಾರರಲ್ಲಿ ಐಟಿಸಿ ಒಂದು. ಸರ್ಕಾರದ ಕಥೆಯೂ ಸರಳವಿಲ್ಲ. ಸಿಗರೇಟಿನ ತೆರಿಗೆ ಅದಕ್ಕೆ ಬೇಕು. ಎಲ್‌ಐಸಿ ಮತ್ತು ಹಳೆಯ ಯುಟಿಐ ಪಾಲಿನ ಮೂಲಕ ಡಿವಿಡೆಂಡ್ ಕೂಡ ಅದಕ್ಕೆ ಬರುತ್ತದೆ.

ಇವೆಲ್ಲ ಗೊತ್ತಿದ್ದೂ ಪ್ರತಿಯೊಬ್ಬರೂ ತಮ್ಮ ತೀರ್ಮಾನ ತಾವೇ ಮಾಡಬೇಕು. ನಾನು ಒತ್ತಿ ಹೇಳುವುದು ಕ್ರಮದ ಬಗ್ಗೆ ಮಾತ್ರ. ಈ ತೀರ್ಮಾನ ಬೆಲೆ ನೋಡುವ ಮುಂಚೆ ಆಗಬೇಕು. ಅಗ್ಗ ಅಂತ ಕೊಂಡು, ಬಿದ್ದಾಗ ನೈತಿಕತೆ ನೆನಪಾಗಿ ಮಾರಿದರೆ ಮನಸ್ಸಿಗೂ ಸಮಾಧಾನವಿಲ್ಲ, ಕಿಸೆಗೂ ಇಲ್ಲ.

ಕಾಯುವ ಕಾಲ

ಈಗ ಕಷ್ಟದ ಭಾಗ. 2020ರ ಜೂನ್ ಕೊನೆಗೆ ಸೆನ್ಸೆಕ್ಸ್ 35,000ದ ಆಸುಪಾಸಿನಲ್ಲಿತ್ತು. 2021ರ ಜನವರಿಯಲ್ಲಿ 50,000 ಮುಟ್ಟಿತು. ಸೆಪ್ಟೆಂಬರ್‌ನಲ್ಲಿ 60,000 ದಾಟಿತು. ಐಟಿ ಷೇರುಗಳು ಎರಡು ಪಟ್ಟು, ಮೂರು ಪಟ್ಟು ಆದವು. ಹೊಸದಾಗಿ ಡಿಮ್ಯಾಟ್ ಖಾತೆ ತೆರೆದ ಲಕ್ಷಾಂತರ ಹುಡುಗರಿಗೆ ಕೊಂಡದ್ದೆಲ್ಲ ಲಾಭವೇ. ಆ ಹೊತ್ತಿಗೆ ಐಟಿಸಿ ಎಲ್ಲಿತ್ತು? 2020ರ ಕೊನೆಗೆ ₹210ರ ಹತ್ತಿರ. 2021ರ ಕೊನೆಗೆ ₹220ರ ಹತ್ತಿರ.

ಐಟಿಸಿ ಷೇರು ಮೀಮ್‌ಗಳ ವಸ್ತುವಾದದ್ದು ಆಗಲೇ. ಎಲ್ಲ ಷೇರು ಓಡುತ್ತಿರುವಾಗ ಇದು ಮಲಗಿದೆ ಅನ್ನುವ ನೂರೆಂಟು ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹೋದವು. ಇದು ಬರೀ ತಮಾಷೆಯ ವಿಷಯ ಅಲ್ಲ. ಹೂಡಿಕೆದಾರನನ್ನು ಸೋಲಿಸುವುದು ಹೆಚ್ಚಾಗಿ ನಷ್ಟವಲ್ಲ, ಈ ನಗು. ಹಣ ಕಳೆದುಕೊಂಡಿಲ್ಲ, ಡಿವಿಡೆಂಡ್ ಬರುತ್ತಿದೆ, ಆದರೂ ಪಕ್ಕದವನು ದುಪ್ಪಟ್ಟು ಮಾಡಿಕೊಂಡಿದ್ದಾನೆ. ಮನೆಯಲ್ಲೂ ಕೇಳುತ್ತಾರೆ, ಆಫೀಸಿನಲ್ಲೂ ಕೇಳುತ್ತಾರೆ. ಇನ್ನೂ ಅದನ್ನೇ ಇಟ್ಕೊಂಡಿದೀಯಾ ಅಂತ. ಒಂದೂವರೆ ವರ್ಷ ಇದನ್ನು ತಡೆದುಕೊಂಡು ಕೂರುವುದು ಸುಲಭ ಅಲ್ವಾ ಅಂತ ಈಗ ಅನ್ನಿಸಬಹುದು. ಆಗ ಎಷ್ಟೋ ಜನ ₹210, ₹220ಕ್ಕೆ ಮಾರಿ ಹೊರಟರು.

ಎಲ್‌ಐಸಿಯ ಉದಾಹರಣೆ ಇನ್ನೂ ದೊಡ್ಡದು. 2017ರ ಫೆಬ್ರುವರಿಯಲ್ಲಿ ಸರ್ಕಾರ ಕಂಪನಿಯ ಶೇ. 2ರಷ್ಟು ಪಾಲನ್ನು ಷೇರಿಗೆ ಸುಮಾರು ₹276ರಂತೆ ಮಾರಿದಾಗ ಕೊಂಡದ್ದು ಎಲ್‌ಐಸಿ. ಅದೇ ಜುಲೈನಲ್ಲಿ ₹350 ಮುಟ್ಟಿ ಆಮೇಲೆ ಬಿದ್ದ ಷೇರು ಆ ಬೆಲೆಯನ್ನು ಮತ್ತೆ ಗಟ್ಟಿಯಾಗಿ ದಾಟಿದ್ದು 2022ರಲ್ಲಿ. ಡಿವಿಡೆಂಡ್ ಬಿಟ್ಟರೆ ಐದು ವರ್ಷದಲ್ಲಿ ಕೈಗೆ ಬಂದದ್ದು ಸೊನ್ನೆ.

ಈ ಕಾಯುವ ಕಾಲದಲ್ಲಿ ಏನು ನೋಡಬೇಕು? ಷೇರಿನ ಬೆಲೆ ನೋಡಿದರೆ ಏನೂ ತಿಳಿಯುವುದಿಲ್ಲ. ತ್ರೈಮಾಸಿಕ ವರದಿ ನೋಡಬೇಕು. ಸಿಗರೇಟು ಮಾರಾಟ ಲಾಕ್‌ಡೌನ್ ಮುಂಚಿನ ಮಟ್ಟಕ್ಕೆ ಬರುತ್ತಿದೆಯೇ? ಹಿಟ್ಟು, ಬಿಸ್ಕತ್ತು, ನೂಡಲ್ಸ್ ವ್ಯಾಪಾರದಲ್ಲಿ ಉಳಿಯುವುದು ಜಾಸ್ತಿಯಾಗುತ್ತಿದೆಯೇ? ಆ ವಿಭಾಗದಲ್ಲಿ ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಲಾಭ 2019-20ರಲ್ಲಿ ನೂರು ರೂಪಾಯಿಗೆ ಏಳರಷ್ಟಿತ್ತು. 2022-23ಕ್ಕೆ ಹತ್ತು ದಾಟಿತು. ಡಿವಿಡೆಂಡ್ ನೀತಿ ಉಳಿದಿದೆಯೇ? ಹೊಸ ದೊಡ್ಡ ಹೋಟೆಲು ಕಟ್ಟಲು ಹೊರಟಿದ್ದಾರೆಯೇ? ಕೊಳ್ಳುವ ದಿನವೇ ಇಂಥ ನಾಲ್ಕು ಸಾಲನ್ನು ಒಂದು ಕಾಗದದಲ್ಲಿ ಬರೆದಿಡಬೇಕು. ಇದರಲ್ಲಿ ಯಾವುದು ಕೆಟ್ಟರೆ ಮಾರುತ್ತೇನೆ ಅಂತ. ಆ ಕಾಗದದಲ್ಲಿ ಇಲ್ಲದ ಕಾರಣಕ್ಕೆ ಮಾರಿದರೆ ಅದು ನಗುವಿಗೆ ಹೆದರಿ ಮಾರಿದ ಹಾಗೆ.

ಮಾರುಕಟ್ಟೆಯ ಮನಸ್ಸು ತಿರುಗಿದ್ದು

ತಿರುವು ಒಂದೇ ದಿನದಲ್ಲಿ ಬರಲಿಲ್ಲ. 2021ರ ಬಜೆಟ್‌ನಲ್ಲಿ ಸಿಗರೇಟಿನ ತೆರಿಗೆ ಏರಲಿಲ್ಲ. 2022ರಲ್ಲೂ ಏರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕಂಪನಿ ಮೊದಲ ಸಲ ದೊಡ್ಡ ಹೂಡಿಕೆದಾರರನ್ನೂ ವಿಶ್ಲೇಷಕರನ್ನೂ ಕೂಡಿಸಿ ತನ್ನ ಯೋಜನೆ ಹೇಳಿತು. ಹೋಟೆಲು ವಿಷಯದಲ್ಲಿ ಸ್ವಂತ ಕಟ್ಟಡಕ್ಕಿಂತ ಬೇರೆಯವರ ಕಟ್ಟಡ ನಡೆಸಿಕೊಡುವ ಕಡೆ ವಾಲಿತು. ಹೊರಗಡೆ ಗಾಳಿಯೂ ಬದಲಾಯಿತು. 2021ರ ನವೆಂಬರ್‌ನಲ್ಲಿ ₹2,150ಕ್ಕೆ ಬಂದ ಪೇಟಿಎಂ ಷೇರು ಮೊದಲ ದಿನವೇ ಕಾಲು ಭಾಗಕ್ಕೂ ಹೆಚ್ಚು ಕಳೆದುಕೊಂಡಿತು. 2022ರಲ್ಲಿ ಬಡ್ಡಿ ಏರತೊಡಗಿತು. ದೂರದ ಕನಸಿಗೆ ಹಣ ಕೊಡುತ್ತಿದ್ದವರು ಕೈಗೆ ಸಿಗುವ ನಗದು ಹುಡುಕಿಕೊಂಡು ಬಂದರು.

ಷೇರು 2022ರ ಜುಲೈನಲ್ಲಿ ₹300 ದಾಟಿತು. 2023ರ ಏಪ್ರಿಲ್‌ನಲ್ಲಿ ₹400. ಜುಲೈನಲ್ಲಿ ₹500ರ ಅಂಚು ಮುಟ್ಟಿತು. ಅದೇ ತಿಂಗಳು ಹೋಟೆಲ್ ವ್ಯಾಪಾರವನ್ನು ಬೇರೆ ಕಂಪನಿ ಮಾಡುವ ತೀರ್ಮಾನ ಹೊರಬಿತ್ತು. ಅದರ ಮೇಲೆ ಷೇರು ಒಂದಷ್ಟು ಹಿಂದೆ ಬಂತು.

ಈಗ ಲಾಭ ಎಲ್ಲಿಂದ ಬಂತು ಅಂತ ಬಿಡಿಸಿ ನೋಡೋಣ. ಬಹಳ ಜನ ಈ ಲೆಕ್ಕ ಹಾಕುವುದೇ ಇಲ್ಲ, ನನಗೆ ಇದೇ ಅತಿ ಮುಖ್ಯ. 2020ರ ಜೂನ್ ಕೊನೆಗೆ ₹195. 2023ರ ಆಗಸ್ಟ್ ಆಸುಪಾಸು ₹450 ಹಿಡಿಯೋಣ. 2.3 ಪಟ್ಟು. 2022-23ರ ಲಾಭ ₹18,753 ಕೋಟಿ, ಷೇರಿಗೆ ಸುಮಾರು ₹15.1. ಅಂದರೆ ಗಳಿಕೆ ₹12.3ರಿಂದ ₹15.1ಕ್ಕೆ ಏರಿತು. 1.23 ಪಟ್ಟು ಅಷ್ಟೇ. ಉಳಿದದ್ದು ಪಿಇ 16ರಿಂದ 30ಕ್ಕೆ ಹೋದದ್ದರಿಂದ ಬಂತು. ಸುಮಾರು 1.87 ಪಟ್ಟು. ಇದರ ಮೇಲೆ ನಾಲ್ಕು ವರ್ಷದ ಲೆಕ್ಕದ ಡಿವಿಡೆಂಡ್: 10.15, 10.75, 11.50, 15.50. ಒಟ್ಟು ₹47.90. ತೆರಿಗೆಗೆ ಮುಂಚೆ, ಹಾಕಿದ ಹಣದ ಹತ್ತಿರಹತ್ತಿರ ಕಾಲು ಭಾಗ.

ಅಂದರೆ ಲಾಭದ ದೊಡ್ಡ ಪಾಲು ಕಂಪನಿ ಬೆಳೆದದ್ದರಿಂದ ಬರಲಿಲ್ಲ. ಅದೇ ಕಂಪನಿಯನ್ನು ಜನ ನೋಡುವ ಬಗೆ ಬದಲಾದದ್ದರಿಂದ ಬಂತು. ಅಂಥ ಬದಲಾವಣೆಗೆ ದಿನಾಂಕ ಇಟ್ಟುಕೊಳ್ಳಲು ಆಗುವುದಿಲ್ಲ. ಅದು ಆರು ತಿಂಗಳಲ್ಲಿ ಬರಬಹುದು, ಎಲ್‌ಐಸಿಗೆ ಆದ ಹಾಗೆ ಐದು ವರ್ಷವೂ ಬೇಕಾಗಬಹುದು. ಅಲ್ಲಿವರೆಗೆ ಹೂಡಿಕೆದಾರನನ್ನು ನಿಲ್ಲಿಸುವುದು ಗಳಿಕೆ ಮತ್ತು ಡಿವಿಡೆಂಡ್. ಜನರ ಮನಸ್ಸು ಎಂದೂ ಬದಲಾಗದಿದ್ದರೂ ವರ್ಷಕ್ಕೆ ಶೇ. 5 ಡಿವಿಡೆಂಡ್, ಮೇಲೆ ನಿಧಾನದ ಬೆಳವಣಿಗೆ ಇಷ್ಟು ಸಾಕೇ ಅಂತ 2020ರಲ್ಲಿ ಕೇಳಿಕೊಂಡವನಿಗೆ ಸಾಕು ಅನ್ನಿಸಿದ್ದರೆ ಮಾತ್ರ ಅದು ಸರಿಯಾದ ಖರೀದಿ. ಆ ಉತ್ತರ ಇಲ್ಲದೆ ಬರೀ ಏರಿಕೆಯ ಆಸೆಗೆ ಕೊಂಡವರೇ 2021ರ ಕೊನೆಯ ಹೊತ್ತಿಗೆ ಸುಸ್ತಾಗಿ ಮಾರಿದವರು.

ಎಲ್ಲರಿಗೂ ಬೇಕಾದ ಮೇಲೆ

2023ರ ಮಧ್ಯದ ಹೊತ್ತಿಗೆ ಮೀಮ್‌ಗಳು ತಿರುಗಿ ನಿಂತವು. ಐಟಿಸಿ ಇಟ್ಟುಕೊಂಡವರು ಜಾಣರಾದರು. ಸುರಕ್ಷಿತ, ಡಿವಿಡೆಂಡ್ ಕೊಡುವ, ಕಣ್ಣು ಮುಚ್ಚಿ ಕೊಳ್ಳಬಹುದಾದ ಷೇರು ಅನ್ನುವ ಹೆಸರು ಬಂತು. ಪಿಇ 30. ₹450 ಕೊಟ್ಟವನಿಗೆ ವರ್ಷದ ₹15.50 ಡಿವಿಡೆಂಡ್ ಅಂದರೆ ಶೇ. 3.5ಕ್ಕಿಂತ ಕಡಿಮೆ. ಆ ₹15.50ರಲ್ಲೂ ₹2.75 ವಿಶೇಷ ಡಿವಿಡೆಂಡ್, ಪ್ರತಿ ವರ್ಷ ಬರುವಂಥದ್ದಲ್ಲ. ಎಫ್‌ಡಿ ಅಷ್ಟೊತ್ತಿಗೆ ಏಳರ ಹತ್ತಿರ ಕೊಡುತ್ತಿತ್ತು. ತೆರಿಗೆಯ ಅಪಾಯ ಎಲ್ಲೂ ಹೋಗಿರಲಿಲ್ಲ, ಜನ ಅದರ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದರು ಅಷ್ಟೇ.

2023-24ರಲ್ಲಿ ಲಾಭ ₹20,422 ಕೋಟಿಗೆ ಏರಿತು. ವ್ಯಾಪಾರ ಚೆನ್ನಾಗಿಯೇ ನಡೆಯಿತು. 2024ರ ಮಾರ್ಚ್‌ನಲ್ಲಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಂಪನಿಯ ಒಟ್ಟು ಷೇರುಗಳಲ್ಲಿ ಸುಮಾರು ಶೇ. 3.5ರಷ್ಟನ್ನು ಮಾರಿತು. ವರ್ಷಗಳಿಂದ ಹೆದರಿದ್ದ ಅಂಥದೇ ಒಂದು ಮಾರಾಟ ಕೊನೆಗೂ ಆಯಿತು, ಕಂಪನಿಯ ವ್ಯಾಪಾರಕ್ಕೆ ಏನೂ ಆಗಲಿಲ್ಲ. 2025ರ ಜನವರಿಯಲ್ಲಿ ಹೋಟೆಲ್ ಕಂಪನಿ ಬೇರೆಯಾಗಿ ಪಟ್ಟಿಯಾಯಿತು. ಹತ್ತು ಐಟಿಸಿ ಷೇರಿಗೆ ಒಂದು ಹೋಟೆಲ್ ಷೇರು ಬಂತು. ಆದರೆ 2023ರ ಜುಲೈನಲ್ಲಿ ₹480ಕ್ಕೆ ಕೊಂಡವನು 2025ರ ಮಾರ್ಚ್‌ನಲ್ಲಿ ನೋಡಿದರೆ ಷೇರು ₹400ರ ಆಸುಪಾಸಿನಲ್ಲಿತ್ತು. ಬೇರೆಯಾದ ಹೋಟೆಲ್ ಷೇರಿನ ಬೆಲೆ, ಡಿವಿಡೆಂಡ್ ಸೇರಿಸಿದರೂ ಕೈಗೆ ಹೇಳಿಕೊಳ್ಳುವಂಥದ್ದು ಬಂದಿರಲಿಲ್ಲ. ಅದೇ ಕಂಪನಿ, ಮೊದಲಿಗಿಂತ ಜಾಸ್ತಿ ಲಾಭ, ಹೋಟೆಲ್ ದೂರಿಗೂ ಪರಿಹಾರ ಸಿಕ್ಕಿತ್ತು.

₹195ಕ್ಕೆ ಕೊಂಡವರು ಆಗ ಮಾರಬೇಕಿತ್ತೇ? ನನ್ನ ಅಭಿಪ್ರಾಯದಲ್ಲಿ ಪಿಇ 30 ಮುಟ್ಟಿದಾಗ ಅರ್ಧವನ್ನಾದರೂ ಮಾರುವುದಕ್ಕೆ ಗಟ್ಟಿ ಕಾರಣ ಇತ್ತು. ಕೊಂಡದ್ದು ಬೆಲೆ ಕಡಿಮೆ ಇದೆ ಅಂತ, ಆ ಕಾರಣ ಮುಗಿದಿತ್ತು. ಕೊಂಡ ಬೆಲೆಯ ಮೇಲೆ ಡಿವಿಡೆಂಡ್ ಶೇ. 7, 8 ಬರುತ್ತಿದೆ ಅಂತ ಇಟ್ಟುಕೊಂಡವರೂ ಇದ್ದಾರೆ. ಆದರೆ ಆ ಲೆಕ್ಕ ಹಾಕಬೇಕಾದದ್ದು ಹಿಂದೆ ಕೊಟ್ಟ ₹195ರ ಮೇಲಲ್ಲ, ಮಾರಿದರೆ ಅವತ್ತು ಕೈಗೆ ಸಿಗುವ ₹450ರ ಮೇಲೆ.